ಹತ್ತು ನಿಮಿಷದ ಭುಗಿಲು: ಎಎಂ ಹರ್ಕ್ಯುಲಿಸ್ ಕಡೆ ಜಿಎಂಆರ್‌ಟಿ ತಿರುಗಿಸಿದ ಒಂದು ಪ್ರಕರಣ

ಜಿಎಂಆರ್‌ಟಿ ರೇಡಿಯೊ ದೂರದರ್ಶಕದ ಆರು ತಾಸಿನ ದತ್ತಾಂಶವನ್ನೆಲ್ಲ ಕೂಡಿಸಿ ಮಾಡಿದ ಚಿತ್ರದಲ್ಲಿ ನಕ್ಷತ್ರ ಇರಬೇಕಾದ ಜಾಗ ಖಾಲಿ. ಸುತ್ತಲಿನ ಗದ್ದಲ 12 ಮೈಕ್ರೊ ಜಾನ್‌ಸ್ಕಿ (ಜಾನ್‌ಸ್ಕಿ ರೇಡಿಯೊ ಹೊಳಪಿನ ಮಾನ), ನಕ್ಷತ್ರದ ಜಾಗದಲ್ಲಿ 14. "ಏನೂ ಇಲ್ರೀ ಮೇಡಂ, ಮೇಲಿನ ಮಿತಿ ಬರ್ದು ಮುಗಿಸೂಣೇನ್ರಿ?" ಎಂದು ಧಾರವಾಡದ ಹುಡುಗ ಕೇಳುತ್ತಾನೆ. ಅದೇ ದತ್ತಾಂಶದೊಳಗೆ ಹನ್ನೊಂದು ಸಿಗ್ಮಾದ, ಅಂದರೆ ಗದ್ದಲದ ಹನ್ನೊಂದು ಪಟ್ಟಿನ, ಒಂದು ಭುಗಿಲು ಇದೆ. ಜೊತೆಗೆ ಅದಕ್ಕಿಂತ ಜೋರಾದ, ಆದರೆ ನಕ್ಷತ್ರಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಏರಿಕೆಯೂ ಇದೆ.

ಪುಣೆಯ ಗಣೇಶಖಿಂಡದಲ್ಲಿ ರಾಷ್ಟ್ರೀಯ ರೇಡಿಯೊ ಖಗೋಳ ಕೇಂದ್ರ ಎನ್‌ಸಿಆರ್‌ಎ ಮತ್ತು ವಿಶ್ವವಿದ್ಯಾಲಯಗಳ ಖಗೋಳ ಕೇಂದ್ರ ಆಯುಕಾ ಅಕ್ಕಪಕ್ಕದಲ್ಲಿವೆ. ರೇಡಿಯೊ ಖಗೋಳ ಕಲಿಯಲು ಅಲ್ಲಿಗೆ ಬರುವ ಕನ್ನಡದ ಎಂ.ಎಸ್ಸಿ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಅಭ್ಯಾಸದ ಪ್ರಕರಣ ಇದು. ನಕ್ಷತ್ರ, ದೂರದರ್ಶಕ, ಉಪಗ್ರಹಗಳ ಅಂಕಿಗಳು ನಿಜವಾದವು. ದತ್ತಾಂಶದಲ್ಲಿರುವ ಎರಡು ಏರಿಕೆಗಳು ಮಾತ್ರ ಬೇಕೆಂದೇ ಸೇರಿಸಿದವು, ಯಾವುದು ಸಾಚಾ ಎಂದು ವಿದ್ಯಾರ್ಥಿಗೆ ಮೊದಲೇ ಹೇಳುವುದಿಲ್ಲ.

ನಕ್ಷತ್ರ ಯಾವುದು, ಎಲ್ಲಿಂದ ರೇಡಿಯೊ

ಎಎಂ ಹರ್ಕ್ಯುಲಿಸ್ ಕಾಂತೀಯ ಕೆಟಾಕ್ಲಿಸ್ಮಿಕ್ ಚರ ನಕ್ಷತ್ರಗಳಲ್ಲಿ (ಜೊತೆಗಾರನ ಅನಿಲ ಶ್ವೇತ ಕುಬ್ಜದ ಮೇಲೆ ಬಿದ್ದು ಹೊಳಪು ಬದಲಾಗುವ ಜೋಡಿಗಳಲ್ಲಿ) 'ಪೋಲಾರ್' ಎಂಬ ಗುಂಪಿನ ಮೂಲ ಮಾದರಿ. ಸುಮಾರು 88 ಪಾರ್ಸೆಕ್ ದೂರದಲ್ಲಿ ಒಂದು ಶ್ವೇತ ಕುಬ್ಜವೂ ಒಂದು ಕೆಂಪು ಕುಬ್ಜವೂ 3.094 ತಾಸಿಗೊಮ್ಮೆ ಒಂದನ್ನೊಂದು ಸುತ್ತುತ್ತವೆ. ಕೆಂಪು ಕುಬ್ಜದಿಂದ ಸೋರಿದ ಅನಿಲ ತಟ್ಟೆ ಕಟ್ಟದೆ, ಶ್ವೇತ ಕುಬ್ಜದ ಸುಮಾರು 1.4 ಕೋಟಿ ಗಾಸ್ ಕಾಂತಕ್ಷೇತ್ರದ ರೇಖೆ ಹಿಡಿದು ನೇರ ಧ್ರುವದ ಮೇಲೆ ಬೀಳುತ್ತದೆ.

ಇಷ್ಟು ಬಲವಾದ ಕ್ಷೇತ್ರ ಇರುವುದರಿಂದ ರೇಡಿಯೊ ಕೂಡ ಶ್ವೇತ ಕುಬ್ಜದಿಂದಲೇ ಬರುತ್ತದೆ ಎಂದುಕೊಳ್ಳುವುದು ಹೊಸಬರ ಮೊದಲ ಎಡವಟ್ಟು. ಕಾಂತಕ್ಷೇತ್ರದಲ್ಲಿ ಇಲೆಕ್ಟ್ರಾನ್ ಸುತ್ತುವ ಸೈಕ್ಲೊಟ್ರಾನ್ ಆವರ್ತನ ಪ್ರತಿ ಗಾಸ್‌ಗೆ 2.8 ಮೆಗಾಹರ್ಟ್ಸ್. 1.4 ಕೋಟಿ ಗಾಸ್‌ಗೆ ಅದು ಸುಮಾರು 4 ಕೋಟಿ ಮೆಗಾಹರ್ಟ್ಸ್ ಆಗುತ್ತದೆ, ಅಂದರೆ ಇನ್‌ಫ್ರಾರೆಡ್. ಲೆಕ್ಕವನ್ನು ತಿರುಗಿಸಿ ಹಾಕಿದರೆ ನಾವು ನೋಡುವ ಬ್ಯಾಂಡಿನ ನಡುವಿನ 1,250 ಮೆಗಾಹರ್ಟ್ಸ್‌ಗೆ ಬೇಕಾದದ್ದು ಬರೀ 446 ಗಾಸ್, ಎರಡನೇ ಹಾರ್ಮೋನಿಕ್ (ಇಮ್ಮಡಿ ಆವರ್ತನ) ಆದರೆ 223. ಅಂಥ ಕ್ಷೇತ್ರ ಸಹಜವಾಗಿ ಸಿಗುವುದು ಕೆಂಪು ಕುಬ್ಜದ ಕೊರೋನಾದಲ್ಲಿ.

ಈ ನಕ್ಷತ್ರವನ್ನು ರೇಡಿಯೊದಲ್ಲಿ ಮೊದಲು ಕಂಡವರು ಚನ್ಮುಗಂ ಮತ್ತು ಡಲ್ಕ್. ಅಮೆರಿಕದ ವಿಎಲ್‌ಎ ರೇಡಿಯೊ ದೂರದರ್ಶಕದಲ್ಲಿ 4.9 ಗಿಗಾಹರ್ಟ್ಸ್‌ನಲ್ಲಿ ಅರ್ಧ ಮಿಲಿ ಜಾನ್‌ಸ್ಕಿಗೆ ತುಸು ಮೇಲ್ಪಟ್ಟ ಹೊಳಪು ಸಿಕ್ಕಿದ್ದನ್ನು 1982ರಲ್ಲಿ ಪ್ರಕಟಿಸಿದರು. ಮರುವರ್ಷ ಡಲ್ಕ್, ಬ್ಯಾಸ್ಟಿಯನ್, ಚನ್ಮುಗಂ ಮೂವರೂ ಇದೇ ನಕ್ಷತ್ರದಿಂದ 9.7 ಮಿಲಿ ಜಾನ್‌ಸ್ಕಿಯ, ಹತ್ತು ನಿಮಿಷದ ಆಸುಪಾಸಿನ, ಪೂರ್ತಿ ವೃತ್ತೀಯ ಧ್ರುವೀಕರಣದ (ಅಲೆಯ ವಿದ್ಯುತ್ ಕ್ಷೇತ್ರ ಒಂದೇ ಕಡೆಗೆ ಸುತ್ತುವ) ಭುಗಿಲನ್ನು ವರದಿ ಮಾಡಿದರು. ಆಮೇಲೆ 2013ರಿಂದ 2018ರ ನಡುವಿನ ಮೂರು ಅವಧಿಗಳಲ್ಲಿ ವಿಎಲ್‌ಎಯಲ್ಲಿ 122 ಕಾಂತೀಯ ಚರ ನಕ್ಷತ್ರಗಳನ್ನು ನೋಡಿದ ಸಮೀಕ್ಷೆಯಲ್ಲಿ ಸಿಕ್ಕಿದವು 33. ಆ 33ರಲ್ಲಿ 24 ನಕ್ಷತ್ರಗಳು ಇಂಥದೇ ಅಲ್ಪಕಾಲದ, ಬಲವಾದ ವೃತ್ತೀಯ ಧ್ರುವೀಕರಣದ ಹೊಳಪು ತೋರಿದವು. ಅದು ಇಲೆಕ್ಟ್ರಾನ್ ಸೈಕ್ಲೊಟ್ರಾನ್ ಮೇಸರ್‌ನ ಗುರುತು, ಅಂದರೆ ಇಲೆಕ್ಟ್ರಾನ್‌ಗಳು ಒಟ್ಟಾಗಿ ರೇಡಿಯೊ ಅಲೆಯನ್ನು ವರ್ಧಿಸುವ ಕ್ರಿಯೆ. ಹಾಗಾಗಿ ಇಲ್ಲಿ ಹುಡುಕಬೇಕಾದದ್ದು ಚಿತ್ರದಲ್ಲೊಂದು ಚುಕ್ಕೆಯನ್ನಲ್ಲ, ವೃತ್ತೀಯ ಧ್ರುವೀಕರಣವನ್ನು ಅಳೆಯುವ ಸ್ಟೋಕ್ಸ್ ವಿ ಕಾಲರೇಖೆಯಲ್ಲೊಂದು ಏರಿಕೆಯನ್ನು.

ವೀಕ್ಷಣೆಯ ಜೋಡಣೆ

ಜಿಎಂಆರ್‌ಟಿ ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿ.ಮೀ., ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿದೆ. 45 ಮೀಟರ್‌ನ 30 ಡಿಶ್‌ಗಳು. ಅವುಗಳಲ್ಲಿ 14 ನಡುವಿನ ಒಂದು ಕಿ.ಮೀ. ಚೌಕದೊಳಗೆ, ಉಳಿದ 16 ಮೂರು ತೋಳುಗಳ ಮೇಲೆ, ಅತಿ ಉದ್ದದ ಬೇಸ್‌ಲೈನ್ (ಎರಡು ಡಿಶ್‌ಗಳ ನಡುವಿನ ಅಂತರ) ಸುಮಾರು 25 ಕಿ.ಮೀ. ಅಲ್ಲಿಯ 19 ಡಿಗ್ರಿ ಅಕ್ಷಾಂಶದಿಂದ ಎಎಂ ಹರ್ಕ್ಯುಲಿಸ್ ಮಧ್ಯಾಹ್ನರೇಖೆ ದಾಟುವಾಗ 59 ಡಿಗ್ರಿ ಎತ್ತರದಲ್ಲಿರುತ್ತದೆ. ಡಿಶ್‌ಗಳ 17 ಡಿಗ್ರಿ ಕೆಳಮಿತಿಯ ಮೇಲೆ ಒಟ್ಟು ಹನ್ನೊಂದೂವರೆ ತಾಸು ಸಿಗುತ್ತದೆ. ಎರಡು ಸುತ್ತಿಗೆ ಬೇಕಾದದ್ದು 6.2 ತಾಸು, ಮೂರಕ್ಕೆ 9.3.

ನಕ್ಷತ್ರ ನಡುರಾತ್ರಿ ನೆತ್ತಿಯ ಕಡೆ ಬರುವುದು ಜೂನ್ ಕೊನೆಯಲ್ಲಿ. ಆ ಹೊತ್ತಿಗೆ ಸಹ್ಯಾದ್ರಿಯ ಮೇಲೆ ಮಳೆ ಹಿಡಿದಿರುತ್ತದೆ, ಗಿರಾವಳಿಯಲ್ಲಿರುವ ಆಯುಕಾದ 2 ಮೀಟರ್ ದೂರದರ್ಶಕದಿಂದ ಜೊತೆಜೊತೆಗೆ ಬೆಳಕಿನ ವೀಕ್ಷಣೆ ಮಾಡುವ ಆಸೆ ಬಿಡಬೇಕು. ರೇಡಿಯೊಗೆ ಮೋಡ ಅಡ್ಡಿಯಲ್ಲ, ಜೋರು ಗಾಳಿ ಅಡ್ಡಿ. ಗಾಳಿ ಮಿತಿ ಮೀರಿದರೆ ಡಿಶ್‌ಗಳನ್ನು ಮೇಲ್ಮುಖ ಮಾಡಿ ನಿಲ್ಲಿಸುತ್ತಾರೆ. ನಕ್ಷತ್ರ ಸುಮಾರು 13ನೇ ಕಾಂತಿಮಾನದ ಉಚ್ಚ ಸ್ಥಿತಿಯಲ್ಲಿದೆಯೋ 15ರ ನೀಚ ಸ್ಥಿತಿಯಲ್ಲಿದೆಯೋ ಎಂಬುದನ್ನು ಚರ ನಕ್ಷತ್ರ ವೀಕ್ಷಕರ ಸಂಘ ಎಎವಿಎಸ್‌ಒದ ಹವ್ಯಾಸಿಗಳ ಅಳತೆಯಿಂದ ತೆಗೆದುಕೊಂಡರೆ ಸಾಕು.

ವೀಕ್ಷಣೆ ಜಿಎಂಆರ್‌ಟಿಯ ಬ್ಯಾಂಡ್ 5ರಲ್ಲಿ, ಅಂದರೆ 1,050ರಿಂದ 1,450 ಮೆಗಾಹರ್ಟ್ಸ್. 2,048 ಚಾನೆಲ್, ತಲಾ 195 ಕಿಲೋಹರ್ಟ್ಸ್, ದಾಖಲೆ 2.68 ಸೆಕೆಂಡಿಗೊಮ್ಮೆ. ಇಲ್ಲಿ ಒಂದು ಆಯ್ಕೆ ತಪ್ಪಿದರೆ ಇಡೀ ರಾತ್ರಿ ನೀರುಪಾಲು. ಬ್ಯಾಂಡ್ 5ರ ಫೀಡ್‌ಗಳು (ಡಿಶ್‌ನ ನಾಭಿಯಲ್ಲಿ ಅಲೆ ಹಿಡಿಯುವ ಆಂಟೆನಾಗಳು) ರೇಖೀಯ ಧ್ರುವೀಕರಣದವು, ಎಕ್ಸ್ ಮತ್ತು ವೈ ಎಂಬ ಎರಡು ದಿಕ್ಕಿನವು. ಇಂಥ ಫೀಡ್‌ನಲ್ಲಿ ಸ್ಟೋಕ್ಸ್ ವಿ ಇರುವುದು ಎರಡು ಡಿಶ್‌ಗಳ ಸಂಕೇತ ಗುಣಿಸಿ ಬರುವ ಎಕ್ಸ್‌ಎಕ್ಸ್ ಮತ್ತು ವೈವೈ ಗುಣಲಬ್ಧಗಳಲ್ಲಲ್ಲ, ಎಕ್ಸ್‌ವೈ ಮತ್ತು ವೈಎಕ್ಸ್ ಎಂಬ ಅಡ್ಡ ಗುಣಲಬ್ಧಗಳ ಕಾಲ್ಪನಿಕ ಭಾಗದಲ್ಲಿ. 'ಟೋಟಲ್ ಇಂಟೆನ್ಸಿಟಿ' ಮೋಡ್ ಆರಿಸಿದರೆ ಅಡ್ಡ ಗುಣಲಬ್ಧಗಳು ದಾಖಲಾಗುವುದೇ ಇಲ್ಲ; ಆಮೇಲೆ ಯಾವ ಸಾಫ್ಟ್‌ವೇರ್‌ಗೂ ಅವನ್ನು ಹುಟ್ಟಿಸಲಾಗದು. 'ಫುಲ್ ಸ್ಟೋಕ್ಸ್' ಎಂದು ಅರ್ಜಿಯಲ್ಲೂ ಬರೆಯಬೇಕು, ವೀಕ್ಷಣೆಯ ದಿನ ನಿಯಂತ್ರಣ ಕೊಠಡಿಯಲ್ಲಿ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. 435 ಬೇಸ್‌ಲೈನ್, ನಾಲ್ಕು ಗುಣಲಬ್ಧ, ಪ್ರತಿ ಅಂಕಿಗೆ 8 ಬೈಟ್ ಎಂದು ಹಿಡಿದರೆ ತಾಸಿಗೆ ಸುಮಾರು 38 ಜಿಬಿ ಆಗುತ್ತದೆ. ಹಾಸ್ಟೆಲ್ ಲ್ಯಾಪ್‌ಟಾಪ್‌ನಲ್ಲಿ ಆಗುವ ಕೆಲಸವಲ್ಲ.

ಕ್ಯಾಲಿಬ್ರೇಟರ್‌ಗಳು, ಅಂದರೆ ಅಳತೆ ಸರಿಪಡಿಸಲು ನೋಡುವ ಪರಿಚಿತ ಮೂಲಗಳು, ಮೂರು. ಫೇಸ್‌ಗೆ 3ಸಿ380, ನಕ್ಷತ್ರದಿಂದ ಬರೀ 2.4 ಡಿಗ್ರಿ ದೂರ. ಪೂರ್ತಿ ಬಿಂದುವಲ್ಲವಾದ್ದರಿಂದ ಮೊದಲು ಅದರದೇ ಮಾದರಿ ಮಾಡಿಕೊಳ್ಳಬೇಕು. ಹೊಳಪಿನ ಅಳತೆಗೂ ಎಕ್ಸ್-ವೈ ಫೇಸ್‌ಗೂ 3ಸಿ286, ಶುರುವಿನಲ್ಲೊಮ್ಮೆ, ಅದು ಮುಳುಗುವ ಮೊದಲು ಇನ್ನೊಮ್ಮೆ. ಸೋರಿಕೆಯ (ಒಂದು ಧ್ರುವೀಕರಣದ ಸಂಕೇತ ಇನ್ನೊಂದರಲ್ಲಿ ತೋರುವುದು) ಲೆಕ್ಕಕ್ಕೆ ಕೊನೆಯಲ್ಲಿ 3ಸಿ48, ಈ ಆವರ್ತನದಲ್ಲಿ ಅದರ ಧ್ರುವೀಕರಣ ಅರ್ಧ ಶೇಕಡಾದಷ್ಟೇ.

ನಕ್ಷತ್ರದ ಮೇಲೆ 25 ನಿಮಿಷ, 3ಸಿ380 ಮೇಲೆ ತಿರುಗುವ ಹೊತ್ತೂ ಸೇರಿ 5 ನಿಮಿಷ. ಈ 30ರ ಚಕ್ರ ಸುಮ್ಮನೆ ಆರಿಸಿದ್ದಲ್ಲ. ಕಕ್ಷೆಯ ಅವಧಿ 185.6 ನಿಮಿಷ. 30ರ ಆರು ಚಕ್ರ 180 ನಿಮಿಷ, ಹಾಗಾಗಿ ಎರಡನೇ ಸುತ್ತಿನಲ್ಲಿ ಖಾಲಿ ಕಿಂಡಿಗಳು 5.6 ನಿಮಿಷ ಹಿಂದಕ್ಕೆ ಸರಿಯುತ್ತವೆ. ಮೊದಲ ಸುತ್ತಿನಲ್ಲಿ ಕಾಣದ ಹಂತ ಎರಡನೆಯದರಲ್ಲಿ ಕಾಣುತ್ತದೆ. 31 ನಿಮಿಷದ ಚಕ್ರ ಇಟ್ಟಿದ್ದರೆ ಆರು ಚಕ್ರಕ್ಕೆ 186 ನಿಮಿಷ, ಪ್ರತಿ ಸುತ್ತಿನಲ್ಲೂ ಅವೇ ಹಂತಗಳಿಗೆ ಕುರುಡು. ಎಷ್ಟೋ ಯೋಜನೆಗಳಲ್ಲಿ ಇದನ್ನು ಯಾರೂ ಗುಣಿಸಿಯೇ ನೋಡಿರುವುದಿಲ್ಲ.

ಖಾಲಿ ಚಿತ್ರದ ಗಣಿತ

ಎರಡು ಸುತ್ತಿನ 371 ನಿಮಿಷದಲ್ಲಿ ನಕ್ಷತ್ರದ ಮೇಲೆ ಬಿದ್ದದ್ದು ಸುಮಾರು 310. ಒಂದು ಡಿಶ್‌ನ ಎಸ್‌ಇಎಫ್‌ಡಿ (ಅದರ ಸ್ವಂತ ಗದ್ದಲವನ್ನು ಹೊಳಪಿನ ಮಾನದಲ್ಲಿ ಹೇಳುವ ಅಂಕಿ) 340 ಜಾನ್‌ಸ್ಕಿ, ಕೆಲಸ ಮಾಡಿದ ಡಿಶ್ 26, ಶುದ್ಧಿಯ ನಂತರ ಉಳಿದ ಬ್ಯಾಂಡ್ 250 ಮೆಗಾಹರ್ಟ್ಸ್ ಎಂದಿಟ್ಟುಕೊಳ್ಳಿ. 2 × 26 × 25 × ಬ್ಯಾಂಡ್ × ಸಮಯ, ಇದರ ವರ್ಗಮೂಲದಿಂದ 340ನ್ನು ಭಾಗಿಸಿದರೆ ಸಿದ್ಧಾಂತದ ಗದ್ದಲ 4.4 ಮೈಕ್ರೊ ಜಾನ್‌ಸ್ಕಿ. ಒಟ್ಟು ಹೊಳಪಿನ ಸ್ಟೋಕ್ಸ್ ಐ ಚಿತ್ರದಲ್ಲಿ ಇಷ್ಟು ಸಿಗುವುದಿಲ್ಲ; ಸುತ್ತಲಿನ ಮೂಲಗಳ ಉಳಿಕೆ ಮತ್ತು ಕ್ಯಾಲಿಬ್ರೇಷನ್ ದೋಷ ಸೇರಿ ಎರಡು ಮೂರು ಪಟ್ಟು ಆಗುತ್ತದೆ, ಇಲ್ಲಿ 12. ವಿ ಚಿತ್ರ ಸಿದ್ಧಾಂತಕ್ಕೆ ಹೆಚ್ಚು ಹತ್ತಿರ, ಏಕೆಂದರೆ ಆಕಾಶದ ಬಹುಪಾಲು ಮೂಲಗಳಿಗೆ ವೃತ್ತೀಯ ಧ್ರುವೀಕರಣವೇ ಇಲ್ಲ, ಚಿತ್ರ ಖಾಲಿ ಅಂಗಳದಂತೆ ಇರುತ್ತದೆ.

ಈಗ 0.4 ಮಿಲಿ ಜಾನ್‌ಸ್ಕಿಯ ಹತ್ತು ನಿಮಿಷದ ಭುಗಿಲನ್ನು 310 ನಿಮಿಷಕ್ಕೆ ಹರಡಿ: 400 × 10 ÷ 310 = 13 ಮೈಕ್ರೊ ಜಾನ್‌ಸ್ಕಿ, ಒಂದು ಸಿಗ್ಮಾ. ಹುಡುಗ ನೋಡಿದ 14 ಅದೇ. ಅದನ್ನೇ ಹತ್ತು ನಿಮಿಷದ ವಿ ಚಿತ್ರದಲ್ಲಿ ನೋಡಿದರೆ ಸಿದ್ಧಾಂತದ ಗದ್ದಲ 24, ವಾಸ್ತವದಲ್ಲಿ 35. ಭುಗಿಲು ಹನ್ನೊಂದು ಸಿಗ್ಮಾಕ್ಕೆ ಏರುತ್ತದೆ. ತುಂಡುಗಳನ್ನು ಒಂದರ ಪಕ್ಕ ಒಂದು ಇಡಬಾರದು, ಅರ್ಧಕ್ಕರ್ಧ ಮೇಲೆ ಬರುವಂತೆ ಐದೈದು ನಿಮಿಷ ಸರಿಸಬೇಕು. ಇಲ್ಲದಿದ್ದರೆ ಭುಗಿಲು ಎರಡು ತುಂಡಿಗೆ ಹಂಚಿಹೋಗಿ ಎರಡರಲ್ಲೂ ಆರಕ್ಕಿಂತ ಕಡಿಮೆ ಸಿಗ್ಮಾ ಉಳಿಯುತ್ತದೆ.

ಕೆಲಸದ ಕ್ರಮ ಹೀಗೆ. ದಾಖಲೆಯ ಎಲ್‌ಟಿಎ ಫೈಲನ್ನು ಫಿಟ್ಸ್ ರೂಪಕ್ಕೆ ತಿರುಗಿಸಿ ಕಾಸಾ ಸಾಫ್ಟ್‌ವೇರ್‌ಗೆ ತಂದು, ಆರ್‌ಎಫ್‌ಐ (ಮನುಷ್ಯರ ರೇಡಿಯೊ ಅಡಚಣೆ) ಕತ್ತರಿಸಿ, ಬ್ಯಾಂಡ್‌ಪಾಸ್, ಗೇನ್, ಎಕ್ಸ್-ವೈ ಫೇಸ್, ಸೋರಿಕೆ ಎಲ್ಲ ಸರಿಪಡಿಸಿದ ಮೇಲೆ ಕ್ಷೇತ್ರದ ಐ ಚಿತ್ರ ಮಾಡಬೇಕು. ಆ ಚಿತ್ರದಿಂದಲೇ ದೋಷ ತಿದ್ದುವ ಸೆಲ್ಫ್-ಕ್ಯಾಲಿಬ್ರೇಷನ್ ಮೊದಲ ಕೆಲವು ಸುತ್ತು ಫೇಸ್ ಮಾತ್ರ. ಜಿಎಂಆರ್‌ಟಿಗೆಂದೇ ಬರೆದ ಕ್ಯಾಪ್ಚರ್ ಪೈಪ್‌ಲೈನ್ ಇಲ್ಲಿಯವರೆಗಿನ ಐ ಭಾಗಕ್ಕೆ ಚೆನ್ನಾಗಿ ಒದಗುತ್ತದೆ, ಧ್ರುವೀಕರಣದ ಹೊಣೆ ನಮ್ಮದೇ. ನಂತರ ನಕ್ಷತ್ರದ ಜಾಗ ಬಿಟ್ಟು ಉಳಿದೆಲ್ಲ ಮೂಲಗಳ ಮಾದರಿಯನ್ನು ಯುವಿ ದತ್ತಾಂಶದಿಂದ (ಚಿತ್ರವಾಗುವ ಮೊದಲಿನ, ಬೇಸ್‌ಲೈನ್‌ವಾರು ಅಳತೆಗಳಿಂದ) ಕಳೆಯಬೇಕು. ಆ ಕಳೆಯುವಿಕೆಯಲ್ಲಿ ನಕ್ಷತ್ರದ ಜಾಗದ ಮೇಲೆ ಮುಖವಾಡ ಹಾಕಲು ಮರೆತರೆ ಭುಗಿಲಿನ ಚೂರೂ ಜೊತೆಗೇ ಹೋಗುತ್ತದೆ. ಕೊನೆಗೆ ನಕ್ಷತ್ರಗಳ ಸ್ಥಾನ ಅಳೆದ ಗಯಾ ಉಪಗ್ರಹ ಕೊಟ್ಟ 2016.0ರ ಸ್ಥಾನಕ್ಕೆ ಸ್ವಂತ ಚಲನೆ ಸೇರಿಸಿ ವೀಕ್ಷಣೆಯ ದಿನಕ್ಕೆ ತಂದು, ಫೇಸ್ ಕೇಂದ್ರವನ್ನು ಅಲ್ಲಿಗೆ ಸರಿಸಿ, ಎಲ್ಲ ಬೇಸ್‌ಲೈನ್ ಸರಾಸರಿ ಮಾಡಿದರೆ ಸಮಯ ಒಂದು ಅಕ್ಷ, ಆವರ್ತನ ಇನ್ನೊಂದು ಅಕ್ಷವಾದ ಡೈನಾಮಿಕ್ ಸ್ಪೆಕ್ಟ್ರಂ ಬರುತ್ತದೆ.

ಮೊದಲ ಏರಿಕೆ

ವಿ ಕಾಲರೇಖೆಯಲ್ಲಿ ಮೊದಲು ಕಣ್ಣಿಗೆ ಹೊಡೆಯುವುದು ಮೊದಲ ಸುತ್ತಿನ ಏರಿಕೆ: 1.1 ಮಿಲಿ ಜಾನ್‌ಸ್ಕಿ, 12 ನಿಮಿಷ. ಎರಡನೇ ಸುತ್ತಿನದು 0.4 ಅಷ್ಟೇ. ದೊಡ್ಡದನ್ನೇ ನಕ್ಷತ್ರವೆಂದು ಬರೆದು ಚಿಕ್ಕದನ್ನು ಅನುಮಾನಿಸುವ ಮನಸ್ಸಾಗುತ್ತದೆ.

ಡೈನಾಮಿಕ್ ಸ್ಪೆಕ್ಟ್ರಂ ಬಿಡಿಸಿದರೆ ಮೊದಲ ಏರಿಕೆ ಎರಡು ಪಟ್ಟಿಗಳಲ್ಲಿ ಮಾತ್ರ ಇದೆ, 1,166ರಿಂದ 1,187 ಮತ್ತು 1,215ರಿಂದ 1,280. ಜಿಪಿಎಸ್ ಮತ್ತು ನಮ್ಮ ನಾವಿಕ್‌ನ ಎಲ್5 ಸಂಕೇತ 1,176.45ರಲ್ಲಿ, ಜಿಪಿಎಸ್ ಎಲ್2 1,227.6ರಲ್ಲಿ, ಗ್ಲೊನಾಸ್ 1,246ರ ಸುತ್ತ, ಬೈಡೂ 1,268.5ರಲ್ಲಿ, ಗೆಲಿಲಿಯೊ 1,278.75ರಲ್ಲಿ. ಈ ಉಪಗ್ರಹಗಳಿಗೆ ಒಂದು ವಿಶೇಷವಿದೆ: ಅವು ಬೇಕೆಂದೇ ಬಲಗೈ ವೃತ್ತೀಯ ಧ್ರುವೀಕರಣದಲ್ಲಿ ಪ್ರಸಾರ ಮಾಡುತ್ತವೆ. ಆಕಾಶದಲ್ಲಿ ವಿ ಇರುವ ಮೂಲ ಅಪರೂಪ, ಆದ್ದರಿಂದ ವಿ ಸುರಕ್ಷಿತ ಎಂಬ ವಾದ ಇಲ್ಲಿ ಕುಸಿಯುತ್ತದೆ. ಹನ್ನೆರಡು ತಾಸಿನ ಆಸುಪಾಸು ಕಕ್ಷೆಯ ಉಪಗ್ರಹ ಹತ್ತು ನಿಮಿಷಕ್ಕೆ ಸುಮಾರು 5 ಡಿಗ್ರಿ ಸರಿಯುತ್ತದೆ. ಡಿಶ್‌ನ ಪಕ್ಕದ ಬೀಮೊಂದರಲ್ಲಿ (ಮುಖ್ಯ ದಿಕ್ಕಿನಾಚೆಯೂ ಡಿಶ್ ತುಸು ಹಿಡಿಯುವ ಜಾಗದಲ್ಲಿ) ಹಾದುಹೋದರೆ ಏರಿಕೆಯ ಅವಧಿಯೂ ಮೇಸರ್ ಭುಗಿಲಿನಷ್ಟೇ. ವೇಷ ಪಕ್ಕಾ.

ಹಾಗೆಂದು ಆ ಚಾನೆಲ್‌ಗಳನ್ನು ಕತ್ತರಿಸಿ ಮುಗಿಸುವಂತಿಲ್ಲ, ಮೇಸರ್ ಕೂಡ ಕಿರಿದಾದ ಪಟ್ಟಿಯಲ್ಲಿ ಬರಬಹುದು. ಎರಡನೇ ಪರೀಕ್ಷೆ ಬೇಸ್‌ಲೈನ್‌ನದು. ಒಂದು ಕಿ.ಮೀ.ಗಿಂತ ಚಿಕ್ಕ ಬೇಸ್‌ಲೈನ್ ಕೈಬಿಟ್ಟಾಗ ಬಿಂದು ಮೂಲವಾದರೆ ಹೊಳಪು ಅಷ್ಟೇ ಇದ್ದು ಗದ್ದಲ ಮಾತ್ರ ಹೆಚ್ಚಬೇಕು. ಉಪಗ್ರಹ ನಕ್ಷತ್ರದ ಜೊತೆ ಚಲಿಸುವುದಿಲ್ಲವಾದ್ದರಿಂದ ಉದ್ದ ಬೇಸ್‌ಲೈನ್‌ಗಳಲ್ಲಿ ಅದರ ಫ್ರಿಂಜ್ ಸರಾಸರಿಯಲ್ಲೇ ಅಳಿಸಿಹೋಗುತ್ತದೆ. ಈ ಏರಿಕೆ ಕುಸಿಯಿತು. ಮೂರನೆಯದು, ಫೇಸ್ ಕೇಂದ್ರವನ್ನು ನಕ್ಷತ್ರದಿಂದ ಒಂದೆರಡು ಆರ್ಕ್‌ಮಿನಿಟ್ ಆಚೀಚೆ ಸರಿಸಿ ಅದೇ ಹೊತ್ತಿನ ಕಾಲರೇಖೆ ತೆಗೆಯುವುದು. ಖಾಲಿ ಜಾಗದಲ್ಲೂ ಅದೇ ಏರಿಕೆ ಬಂದರೆ ನಕ್ಷತ್ರದ್ದಲ್ಲ. ಬಂತು.

"ನಾಳೆ ಇದೇ ಹೊತ್ತಿಗೆ ಮತ್ತೆ ಬಂದರೆ ನಿಜ ಅನ್ನಬಹುದಲ್ಲ ಮೇಡಂ?" ಎಂಬ ಮೈಸೂರಿನ ಹುಡುಗಿಯ ಪ್ರಶ್ನೆಯಲ್ಲಿ ಒಂದು ಬಲೆ ಇದೆ. ಜಿಪಿಎಸ್ ಉಪಗ್ರಹ ನೆಲದ ಮೇಲಿನ ತನ್ನ ಅದೇ ಹಾದಿಗೆ ಮರಳುವುದು 23 ತಾಸು 56 ನಿಮಿಷಕ್ಕೆ; ನಕ್ಷತ್ರವೂ ಆಕಾಶದಲ್ಲಿ ಅದೇ ಜಾಗಕ್ಕೆ ಬರುವುದು ಅಷ್ಟೇ ಹೊತ್ತಿಗೆ. ಡಿಶ್, ನಕ್ಷತ್ರ, ಉಪಗ್ರಹ ಮೂರೂ ಅದೇ ಜೋಡಣೆಗೆ ಮರಳುತ್ತವೆ, ಸುಳ್ಳು ಏರಿಕೆ ನಿಯಮಿತವಾಗಿ ಮರುಕಳಿಸುತ್ತದೆ. ಕಕ್ಷೆಯ ಎಂಟು ಸುತ್ತು ಮಾತ್ರ 24 ತಾಸು 45 ನಿಮಿಷ. ನಕ್ಷತ್ರದ ಹಂತಕ್ಕೆ ಅಂಟಿದ ಭುಗಿಲಾದರೆ ಮರುದಿನ ಉಪಗ್ರಹಕ್ಕಿಂತ 49 ನಿಮಿಷ ತಡವಾಗಿ ಬರಬೇಕು. ಎರಡು ದಿನ ಸತತ ಸಮಯ ಕೇಳುವುದಕ್ಕೆ ಅರ್ಜಿಯಲ್ಲಿ ಕೊಡಬಹುದಾದ ಗಟ್ಟಿ ಕಾರಣ ಇದೇ.

ಎರಡನೆಯದು

0.4 ಮಿಲಿ ಜಾನ್‌ಸ್ಕಿಯ ಏರಿಕೆ ಇರುವುದು 1,300ರ ಮೇಲೆ, 1,450ರವರೆಗೂ ಹರಡಿ. 1,400ರಿಂದ 1,427 ಹೈಡ್ರೋಜನ್ ರೇಖೆಗೆಂದು ಜಗತ್ತಿನಾದ್ಯಂತ ಕಾಯ್ದಿಟ್ಟ ಪಟ್ಟಿ. ಅಲ್ಲಿಯೂ ಇದೆ ಎಂಬುದೇ ದೊಡ್ಡ ಸಾಕ್ಷಿ. ಚಿಕ್ಕ ಬೇಸ್‌ಲೈನ್ ತೆಗೆದರೂ ಹೊಳಪು ಇಳಿಯಲಿಲ್ಲ, ಪಕ್ಕದ ಖಾಲಿ ಜಾಗಗಳಲ್ಲಿ ಇಲ್ಲ. ಎರಡೂವರೆ ಆರ್ಕ್‌ಸೆಕೆಂಡ್ ಬೀಮ್‌ಗೆ ಹನ್ನೊಂದು ಸಿಗ್ಮಾದಲ್ಲಿ ಸ್ಥಾನದ ಅನಿಶ್ಚಿತತೆ 0.11 ಆರ್ಕ್‌ಸೆಕೆಂಡ್, ಚುಕ್ಕೆ ಗಯಾ ಸ್ಥಾನದ ಮೇಲೆ ಆ ಮಿತಿಯೊಳಗೇ ಕೂತಿದೆ.

ಉಳಿದ ಅನುಮಾನ ಸೋರಿಕೆಯದು. ಐ ಹೊಳಪಿನ ಒಂದು ಪಾಲು ವಿ ಆಗಿ ತೋರುವುದು ಎಲ್ಲ ದೂರದರ್ಶಕಗಳಲ್ಲೂ ಇದೆ, ಬೀಮ್‌ನ ಅಂಚಿಗೆ ಹೋದಂತೆ ಹೆಚ್ಚು. ಕ್ಷೇತ್ರದಂಚಿನ 20 ಮಿಲಿ ಜಾನ್‌ಸ್ಕಿ ಮೂಲಕ್ಕೆ ಶೇಕಡಾ 5 ಸೋರಿಕೆ ಇದ್ದರೆ ಒಂದು ಮಿಲಿ ಜಾನ್‌ಸ್ಕಿಯ ಸುಳ್ಳು ವಿ. ಆದರೆ ನಮ್ಮ ನಕ್ಷತ್ರ ಬೀಮ್‌ನ ನಡುವೆ ಇದೆ, ಮತ್ತು ಸೋರಿಕೆ ಹತ್ತು ನಿಮಿಷ ಬಂದು ಹೋಗುವುದಿಲ್ಲ. ಅದೇ ತುಂಡಿನ ಐ ಚಿತ್ರವನ್ನೂ ನೋಡಬೇಕು: ಐ 0.41, ಗದ್ದಲ 0.045. ವಿ ಎಂದೂ ಐಗಿಂತ ದೊಡ್ಡದಿರಲಾಗದು. ಗದ್ದಲ ಮೀರಿ ದೊಡ್ಡದು ಬಂದರೆ ಭೌತಶಾಸ್ತ್ರ ಹುಡುಕದೆ ಕ್ಯಾಲಿಬ್ರೇಷನ್‌ಗೆ ಮರಳಬೇಕು.

ಎಕ್ಸ್-ವೈ ಫೇಸ್ ಸರಿ ಇದೆಯೋ ಇಲ್ಲವೋ ಎಂದು 3ಸಿ286 ಹೇಳುತ್ತದೆ. ಅದಕ್ಕೆ ಸುಮಾರು ಶೇಕಡಾ 9.5 ರೇಖೀಯ ಧ್ರುವೀಕರಣ ಇದೆ, ವೃತ್ತೀಯ ಇಲ್ಲವೆನ್ನುವಷ್ಟು ಕಡಿಮೆ. ಫೇಸ್ 10 ಡಿಗ್ರಿ ತಪ್ಪಿದ್ದರೆ ಅದರ 15 ಜಾನ್‌ಸ್ಕಿಯಲ್ಲಿ ಸುಮಾರು 250 ಮಿಲಿ ಜಾನ್‌ಸ್ಕಿಯವರೆಗೆ ವಿ ಆಗಿ ತೋರಬಹುದು, ಕಣ್ಣಿಗೆ ಬೀಳದೆ ಇರದು. ನಕ್ಷತ್ರದ ಭುಗಿಲಿಗೆ ಅದೇ ತಪ್ಪು ಶೇಕಡಾ ಒಂದೂವರೆ ನಷ್ಟ, ಗಣನೆಗಿಲ್ಲ. ತಲೆನೋವು ಇರುವುದು 180 ಡಿಗ್ರಿ ಗೊಂದಲದಲ್ಲಿ: ಹೊಳಪು ಸರಿಯಾಗಿಯೇ ಬರುತ್ತದೆ, ಬಲಗೈ ಎಡಗೈಯಾಗಿ ಬಿಡುತ್ತದೆ. ವಿ ಚಿಹ್ನೆ ಮೊದಲೇ ಗೊತ್ತಿರುವ ಪಲ್ಸಾರ್ ಒಂದರ ಮೇಲೆ ಐದು ನಿಮಿಷ ಕಳೆಯದೆ ಚಿಹ್ನೆಯನ್ನು ಪ್ರಕಟಿಸಬಾರದು. ಮೇಸರ್ ಯಾವ ಕಾಂತಧ್ರುವದಿಂದ ಬಂತು ಎಂಬ ಮಾತೆಲ್ಲ ಆ ಒಂದು ಚಿಹ್ನೆಯ ಮೇಲೆ ನಿಂತಿದೆ.

ಎಷ್ಟು ಹೇಳಬಹುದು

ಹೊಳಪಿನ ತಾಪ, ಅಂದರೆ ಬರೀ ಬಿಸಿಯಿಂದ ಇಷ್ಟು ಹೊಳೆಯಲು ಬೇಕಾಗುವ ತಾಪ, ಲೆಕ್ಕ ಹಾಕೋಣ. ಕೆಂಪು ಕುಬ್ಜದ ತ್ರಿಜ್ಯ ಸೂರ್ಯನದರ ಮೂರನೇ ಒಂದು ಭಾಗ ಎಂದು ಹಿಡಿದು, ಅದರ ಇಡೀ ಮುಖವೇ ಹೊಳೆಯಿತು ಎಂದರೂ 0.4 ಮಿಲಿ ಜಾನ್‌ಸ್ಕಿಗೆ ಸುಮಾರು 30 ಸಾವಿರ ಕೋಟಿ ಕೆಲ್ವಿನ್ ಆಗುತ್ತದೆ. ನೂರರಲ್ಲೊಂದು ಪಾಲು ಜಾಗದಿಂದ ಬಂದಿದ್ದರೆ 30 ಲಕ್ಷ ಕೋಟಿ. ಇಷ್ಟು ತಾಪ, ಜೊತೆಗೆ ಶೇಕಡಾ ನೂರರ ಹತ್ತಿರದ ವೃತ್ತೀಯ ಧ್ರುವೀಕರಣ, ಎರಡೂ ಒಟ್ಟಿಗೆ ಇದ್ದಾಗ ಗೈರೊಸಿಂಕ್ರೊಟ್ರಾನ್ (ವೇಗದ ಇಲೆಕ್ಟ್ರಾನ್‌ಗಳು ಬಿಡಿಬಿಡಿಯಾಗಿ ಸೂಸುವ) ವಿವರಣೆ ನಿಲ್ಲುವುದಿಲ್ಲ. ಮೇಸರ್ ಎಂದು ಬರೆಯಬಹುದು. 1,370 ಮೆಗಾಹರ್ಟ್ಸ್ ಮೂಲ ಆವರ್ತನವಾದರೆ ಆ ಜಾಗದ ಕ್ಷೇತ್ರ 490 ಗಾಸ್, ಎರಡನೇ ಹಾರ್ಮೋನಿಕ್ ಆದರೆ 245, ಎರಡನ್ನೂ ಕೊಡಬೇಕು.

ಆವರ್ತಕ ಎಂದು ಮಾತ್ರ ಬರೆಯಬಾರದು. ಇದೇ ಹಂತ ಮೊದಲ ಸುತ್ತಿನಲ್ಲಿ ಕಿಂಡಿಯೊಳಗೆ ಬಿದ್ದಿರಲಿಲ್ಲ, ನೋಡಿದ್ದೇವೆ, ಅಲ್ಲಿ ಏನೂ ಇಲ್ಲ. 30 ನಿಮಿಷದ ಚಕ್ರದ ಲಾಭ ಇಲ್ಲಿ ಸಿಕ್ಕಿತು. ಹಂತದ ಲೆಕ್ಕಕ್ಕೆ ಸಮಯವನ್ನು ಸೌರವ್ಯೂಹದ ಭಾರಕೇಂದ್ರಕ್ಕೆ ತರಬೇಕು. ಎಎಂ ಹರ್ಕ್ಯುಲಿಸ್ ಕ್ರಾಂತಿವೃತ್ತದಿಂದ 73 ಡಿಗ್ರಿ ಮೇಲಿರುವುದರಿಂದ ತಿದ್ದುಪಡಿ ಎರಡೂವರೆ ನಿಮಿಷ ಮೀರದು, ಹಂತದಲ್ಲಿ 0.013. ಇನ್ನೊಂದು ಕಾಂತೀಯ ಚರ ನಕ್ಷತ್ರವಾದ ಎಇ ಅಕ್ವೇರಿಯೈ ಆಗಿದ್ದರೆ ಇದೇ ತಿದ್ದುಪಡಿ 8 ನಿಮಿಷದವರೆಗೆ ಹೋಗುತ್ತದೆ. ಅದರ ಶ್ವೇತ ಕುಬ್ಜ 33 ಸೆಕೆಂಡಿಗೊಮ್ಮೆ ತಿರುಗುವುದರಿಂದ ಹದಿನಾಲ್ಕು ಸುತ್ತಿನ ಎಡವಟ್ಟು.

ಉಳಿದ ತುಂಡುಗಳಿಗೆ ಹತ್ತು ನಿಮಿಷಕ್ಕೆ ಮೂರು ಸಿಗ್ಮಾ, ಅಂದರೆ 105 ಮೈಕ್ರೊ ಜಾನ್‌ಸ್ಕಿ ಮೇಲ್ಮಿತಿ. ಇಡೀ ರಾತ್ರಿಯ ಐ ಚಿತ್ರದ 36 ಮೈಕ್ರೊ ಜಾನ್‌ಸ್ಕಿ ಮಿತಿಯನ್ನು ಶಾಂತ ಹೊಳಪಿಗೆ ಮಾತ್ರ ಅನ್ವಯಿಸಿ ಬೇರೆ ಸಾಲಿನಲ್ಲಿ ಕೊಡಬೇಕು, ಅದನ್ನು ಭುಗಿಲಿನ ಮಿತಿ ಎಂದು ಓದುವವರು ಇರುತ್ತಾರೆ.

ಮುಂದಿನ ಅರ್ಜಿಯಲ್ಲಿ ಮೂರು ಸುತ್ತು, ಎರಡು ದಿನ, ಎರಡು ಉಪಗುಂಪು ಕೇಳುವುದು ಸರಿ: 13 ಡಿಶ್ ಬ್ಯಾಂಡ್ 5ರಲ್ಲಿ, 13 ಬ್ಯಾಂಡ್ 4ರಲ್ಲಿ, ಅಂದರೆ 550ರಿಂದ 850 ಮೆಗಾಹರ್ಟ್ಸ್. ಗದ್ದಲ ಎರಡು ಪಟ್ಟಾಗುತ್ತದೆ, ಹನ್ನೊಂದು ಸಿಗ್ಮಾ ಐದೂವರೆಗೆ ಇಳಿಯುತ್ತದೆ, ಹೆಚ್ಚುಕಡಿಮೆ ಅಂಚು. ಬದಲಿಗೆ ಸಿಗುವುದು ಅದೇ ಭುಗಿಲು 250 ಗಾಸ್‌ನ ಎತ್ತರಕ್ಕೂ ಹರಡಿತೇ, ಹರಡಿದ್ದರೆ ಎಷ್ಟು ನಿಮಿಷ ತಡವಾಗಿ ಎಂಬ ಮಾಹಿತಿ. ಬ್ಯಾಂಡ್ 4ರ ಫೀಡ್ ವೃತ್ತೀಯವಾದ್ದರಿಂದ ಅಲ್ಲಿ ವಿ ಎಂದರೆ ಎರಡು ನೇರ ಗುಣಲಬ್ಧಗಳ ವ್ಯತ್ಯಾಸದ ಅರ್ಧ. ಎಕ್ಸ್-ವೈ ಫೇಸ್‌ನ ಕಾಟ ಇಲ್ಲ, ಎರಡು ಗೇನ್‌ಗಳ ಅನುಪಾತದ ಕಾಟ ಇದೆ, ಚಿಹ್ನೆಯ ಪರೀಕ್ಷೆಯನ್ನು ಅಲ್ಲಿಗೂ ಪ್ರತ್ಯೇಕವಾಗಿ ಮಾಡಬೇಕು.